ಸಹಾಯ ಬೇಕು: ತೋಟದ ಕೆಲಸದಲ್ಲಿ ಸ್ಮಾರ್ಟ್‌ವಾಚ್ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮಗಳು ಮೊದಲ ಸಂಬಳದಲ್ಲಿ ಸ್ಮಾರ್ಟ್‌ವಾಚ್ ಕೊಡಿಸಿದ್ದಾಳೆ. ಮೊನ್ನೆ ಕೆರೆಯ ಪಂಪ್ ನೋಡಲು ಬಗ್ಗಿದಾಗ ಮುರಕಲ್ಲಿನ ಕಟ್ಟೆಗೆ ಕೈ ಉಜ್ಜಿತು. ಗಾಜಿನ ಮೇಲೆ ಹನ್ನೆರಡರಿಂದ ಮೂರರವರೆಗೆ ಕೂದಲೆಳೆಯಂಥ ಗೀರು. ಬಿಸಿಲಿಗೆ ಹಿಡಿದರೆ ಅದೇ ಮೊದಲು ಕಾಣುತ್ತದೆ. ಮಗಳಿಗೆ ಇನ್ನೂ ಹೇಳಿಲ್ಲ!

ಗಾಜು ಅಂಚಿನಲ್ಲಿ ಸ್ವಲ್ಪ ಬಾಗಿದೆ. ಪೇಟೆಯಲ್ಲಿ ಟೆಂಪರ್ಡ್ ಗ್ಲಾಸ್ ಹಾಕಿಸಿದೆ. ಎರಡೇ ದಿನಕ್ಕೆ ಅಂಚು ಎದ್ದು ಒಳಗೆ ಧೂಳು ಸೇರಿತು. ಟಿಪಿಯು ಫಿಲ್ಮ್ (ಮೆತ್ತನೆಯ, ಬಾಗುವ ಪ್ಲಾಸ್ಟಿಕ್ ಹಾಳೆ) ಬಾಗಿದ ಗಾಜಿಗೆ ಚೆನ್ನಾಗಿ ಕೂರುತ್ತದೆ ಅಂತಾರೆ. ಆದರೆ ಅದು ಸಣ್ಣ ಗೀರಿಗೆ ಸರಿ, ಜೋರು ಪೆಟ್ಟು ಬಿದ್ದರೆ ಸಾಲದು ಅಲ್ವಾ? ಸುತ್ತ ಅಂಚು ಎತ್ತರ ಇರುವ ಕೇಸ್ ಹಾಕೋಣವೆಂದರೆ, ಸಂದಿಯಲ್ಲಿ ಮರಳು ಸಿಕ್ಕಿಕೊಂಡು ಅದೇ ಗೀರುತ್ತದೋ ಅಂತ ಭಯ.

ಮತ್ತೆ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣ ಎಲ್ಲ ಕೈಗೆ ಸಿಡಿಯುತ್ತದೆ. ಡಬ್ಬದ ಮೇಲೆ 5 ಎಟಿಎಂ ಅಂತ ಇದೆ, ಅದು ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ, ಮದ್ದಿನದ್ದಲ್ಲ. ಆ ದಿನ ಬಿಚ್ಚಿಡುತ್ತೇನೆ, ಹೆಜ್ಜೆ ಲೆಕ್ಕ ಹೋದರೆ ಹೋಗಲಿ.

ತೋಟದಲ್ಲಿ ವಾಚ್ ಕಟ್ಟಿಕೊಂಡೇ ಕೆಲಸ ಮಾಡುವವರು ಇದ್ದರೆ, ಏನು ಹಾಕಿದ್ದೀರಿ, ಎಷ್ಟು ದಿನ ಬಾಳಿತು ತಿಳಿಸಿ. ಟೂತ್‌ಪೇಸ್ಟ್ ಉಜ್ಜಿ ಅಂತ ಮಾತ್ರ ಹೇಳಬೇಡಿ, ಗಾಜಿನ ಮೇಲಿನ ಲೇಪವೂ ಸವೆಯುತ್ತದೆ.