ಮಕ್ಕಳಿಗೆ ಪರಿಸರಸ್ನೇಹಿ ಮನೆ ಕಟ್ಟೋ ಶಿಬಿರ: ಮಾಡಿದವರು ಹೇಳಿ

ಕುವೆಂಪುನಗರ, ಮೈಸೂರು: ಏಪ್ರಿಲ್ ರಜೆಯಲ್ಲಿ ನಮ್ಮ ಬಡಾವಣೆಯ 13ರಿಂದ 16 ವಯಸ್ಸಿನ ಹನ್ನೆರಡು ಮಕ್ಕಳಿಗೆ ಹತ್ತು ದಿನದ ಶಿಬಿರ ಮಾಡಬೇಕು ಅಂತಿದ್ದೇವೆ. ಪರಿಸರಕ್ಕೆ ಹೊರೆಯಾಗದ ಹಾಗೆ ಕಟ್ಟೋದನ್ನು ಕೈಯಾರೆ ಮಾಡಿ ಕಲಿಯಲಿ ಅಂತ ಆಸೆ. ಬಜೆಟ್ 30 ಸಾವಿರ. ಅನುಭವ ಇದ್ದವರು ಹೇಳಿ.

ಮಂಡ್ಯ ಮೇಷ್ಟ್ರು: ಹೋದ ಬೇಸಿಗೆಯಲ್ಲಿ ನಮ್ಮ ಶಾಲೆಯ ಮಕ್ಕಳ ಜೊತೆ ಮಡ್ ಬ್ಲಾಕ್, ಅಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ, ಸುಡದ ಇಟ್ಟಿಗೆ ಮಾಡಿದೆ. ಮೊದಲ ಪೆಟ್ಟು ಬಿದ್ದಿದ್ದು ಮಣ್ಣಿನಿಂದ. ಪುಕ್ಕಟೆ ಸಿಗುತ್ತದೆ ಅಂತ ನಾಲೆ ಪಕ್ಕದ ಎರೆಮಣ್ಣು ತಂದೆವು. ಬಾಟಲಿಯಲ್ಲಿ ನೀರಿಗೆ ಮಣ್ಣು ಹಾಕಿ ಕಲಕಿಟ್ಟು ಮರಳೆಷ್ಟು, ಜೇಡಿಯೆಷ್ಟು ಅಂತ ನೋಡಬೇಕಿತ್ತು, ನೋಡಲಿಲ್ಲ. ಅರವತ್ತು ಇಟ್ಟಿಗೆ ಎರಡೇ ದಿನಕ್ಕೆ ಬಾಯಿ ಬಿಟ್ಟವು. ಮಕ್ಕಳ ಮುಖ ನೋಡೋಕೆ ಆಗಲಿಲ್ಲ. ಆಮೇಲೆ ಕೆಮ್ಮಣ್ಣು ಒಂದು ಟ್ರ್ಯಾಕ್ಟರ್ 2,800, ಕೈಯಲ್ಲಿ ಒತ್ತುವ ಮಶೀನಿನ ಬಾಡಿಗೆ 4,500, ಅದನ್ನು ಬೆಂಗಳೂರಿಂದ ತಂದು ವಾಪಸ್ ಕಳಿಸಿದ ಗಾಡಿಗೆ 5,200, ಸಿಮೆಂಟ್ ಮೂರು ಮೂಟೆ 1,260, ಗೋಣಿಚೀಲ 600. ಒಟ್ಟು 14,360. ಊಟ ಬೇರೆ. ಇಟ್ಟಿಗೆ ಒತ್ತಿದ ಮೇಲೆ ಮೂರು ವಾರ ಕ್ಯೂರಿಂಗ್ ಆಗಬೇಕು, ಅಂದರೆ ಒಣಗದ ಹಾಗೆ ನೆನೆಸಿ ಗಟ್ಟಿಯಾಗಿಸಬೇಕು, ಶಿಬಿರ ಮುಗಿದಿತ್ತು. ದಿನಾ ಎರಡು ಹೊತ್ತು ಕೊಡ ಹಿಡಿದು ಹೋಗಿ ಗೋಣಿ ನೆನೆಸಿದ್ದು ನಾನೊಬ್ಬನೇ. ಸಹಾಯ ಮಾಡುತ್ತೇವೆ ಅಂದಿದ್ದ ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ.

ಸರಸ್ವತಿಪುರಂ ಅಮ್ಮ: ಸಿಮೆಂಟ್ ಹಾಕಿದ ಮೇಲೆ ಅದು ಯಾವ ಪರಿಸರಸ್ನೇಹಿ, ಮೇಷ್ಟ್ರೇ? ನಾವು ಸುಣ್ಣ, ಇಟ್ಟಿಗೆ ಪುಡಿ (ಸುರ್ಕಿ), ಬೆಲ್ಲದ ನೀರು ಹಾಕಿ ಗಾರೆ ಅರೆದೆವು. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಕಟ್ಟೆ ಸುರ್ಕಿ ಗಾರೆಯಲ್ಲೇ ನಿಂತಿದೆ, ಅಲ್ವಾ? ಮಕ್ಕಳಿಗೆ ಅದನ್ನು ಹೇಳಿದಾಗ ಅವರ ಕಣ್ಣು ನೋಡಬೇಕಿತ್ತು. ಕಷ್ಟವೂ ಆಯಿತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಒಬ್ಬ ಹುಡುಗ ಗ್ಲೌಸ್ ತೆಗೆದು ಕೈ ಹಾಕಿಬಿಟ್ಟ. ಡಾಕ್ಟರ್ ಬಿಲ್ 1,850. ಅವನ ತಾಯಿ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಆದರೂ ಮತ್ತೆ ಮಾಡ್ತೀನಿ.

ಮಂಡ್ಯ ಮೇಷ್ಟ್ರು: ಮೇಡಂ, ಸುಣ್ಣದ ಕಲ್ಲು ಸುಡೋವಾಗ ಕಾರ್ಬನ್ ಡೈಆಕ್ಸೈಡ್ ಬರಲ್ವಾ? ನಾವು ಹಾಕಿದ್ದು ನೂರಕ್ಕೆ ಏಳು ಪಾಲು ಸಿಮೆಂಟ್. ನಮ್ಮ ಇಟ್ಟಿಗೆ ಗೂಡಲ್ಲಿ ಬೇಯಲ್ಲ, ಸೌದೆ ಬೇಡ. ನಿಮ್ಮ ಸುರ್ಕಿಗೆ ಬೇಯಿಸಿದ ಇಟ್ಟಿಗೆಯೇ ಬೇಕು. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ತಲುಪಿಸೋಕೆ ಶುರುವಾದ ಅಸ್ತ್ರ ಕೇಂದ್ರದವರು ವರ್ಷಗಟ್ಟಲೆ ದುಡಿದ ಕೆಲಸ ಇದು. ಸುಮ್ನೆ ಒಂದು ಮಾತಲ್ಲಿ ತಳ್ಳಿಹಾಕಬೇಡಿ.

ಶ್ರೀರಂಗಪಟ್ಟಣ ಸೈಟ್ ಇಂಜಿನಿಯರ್: ಇಬ್ಬರೂ ಜಾಸ್ತಿ ಖರ್ಚು ಮಾಡಿದ್ದೀರಿ. ನಾನು ಗಾರೆಯೇ ಇಲ್ಲದೆ ರ‍್ಯಾಟ್ ಟ್ರ್ಯಾಪ್ ಬಾಂಡ್ (ಇಲಿಬೋನು ಅನ್ನೋ ಹೆಸರಿನ ಇಟ್ಟಿಗೆ ಜೋಡಣೆ) ಜೋಡಿಸಿದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದದ್ದು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ನಡುವೆ ಗಾಳಿಗೆ ಜಾಗ ಉಳಿಯುತ್ತದೆ, ಬಿಸಿಲು ಒಳಗೆ ಬೇಗ ಇಳಿಯಲ್ಲ. ಪಕ್ಕದಲ್ಲೇ ಮಾಮೂಲಿ ಗೋಡೆಯನ್ನೂ ಜೋಡಿಸಿ ಮಕ್ಕಳ ಕೈಲೇ ಎಣಿಸಿದೆ. ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಇಟ್ಟಿಗೆ ಉಳಿತಾಯ. ಇಟ್ಟಿಗೆ ವಾಪಸ್ ಕೊಟ್ಟೆವು, ಒಡೆದ 43ಕ್ಕೆ ಮಾತ್ರ ದುಡ್ಡು. ಮೊದಲ ದಿನ ಒಂದು ಗೋಡೆ ಮಗುಚಿತು, ಪುಣ್ಯಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವತ್ತಿಂದ ಮೊಣಕಾಲೆತ್ತರ ದಾಟಿಸಲಿಲ್ಲ.

ಸರಸ್ವತಿಪುರಂ ಅಮ್ಮ: ಜೋಡಿಸಿ ಬಿಚ್ಚೋದು ಆಟ ಆಯಿತು. ಮಕ್ಕಳು ತಾವು ಕಟ್ಟಿದ್ದನ್ನು ನಾಳೆ ಹೋಗಿ ಮುಟ್ಟಬೇಕು. ಅಂದ ಹಾಗೆ ಆ ಟೊಳ್ಳಿನಲ್ಲಿ ಇಲಿ ಸೇರಿಕೊಳ್ಳಲ್ವಾ?

ಶ್ರೀರಂಗಪಟ್ಟಣ ಸೈಟ್ ಇಂಜಿನಿಯರ್: ಹೊರಗೆ ಎಲ್ಲಾ ಕಡೆ ಮುಚ್ಚಿರುತ್ತದೆ, ಇಲಿ ಎಲ್ಲಿಂದ ಹೋಗುತ್ತದೆ? ಹೆಸರು ಕೇಳಿ ಎಲ್ಲರೂ ಇದನ್ನೇ ಕೇಳುತ್ತಾರೆ. ನನ್ನ ಸ್ವಂತ ಮನೆಯೇ ಹಾಗೆ ಕಟ್ಟಿದ್ದು, ಬಂದು ನೋಡಿ. ಮೇಷ್ಟ್ರೇ, ನಿಮ್ಮ ಗೋಡೆ ಈಗ ಇದೆಯಾ, ಮಳೆಗೆ ಕರಗಿತಾ?

ಮಂಡ್ಯ ಮೇಷ್ಟ್ರು: ಇದೆ ಸರ್. ಮರದ ಸುತ್ತ ಕಟ್ಟೆ ಮಾಡಿದೆವು. ಒಂದು ಮಳೆಗಾಲ ಕಳೆಯಿತು, ಒಂದು ಮೂಲೆ ಉದುರಿದೆ. ಆ ಮೂಲೆ ಇಟ್ಟಿಗೆಗಳಿಗೆ ನಾನು ಜ್ವರ ಬಂದು ಮಲಗಿದ್ದ ಎರಡು ದಿನ ನೀರು ಬಿದ್ದಿರಲಿಲ್ಲ. ಮಿಕ್ಕಿದ್ದರ ಮೇಲೆ ಕೂತು ಮಕ್ಕಳು ಊಟ ಮಾಡುತ್ತಾರೆ.