ಅಪ್‌ಡೇಟ್: ಕಲಬುರಗಿಯಲ್ಲಿ ಅಂಗಿ, ಬಂದ್‌ಗಲಾ, ಶೂ ಮಾಡಿಸಿದ್ದು

ತಮ್ಮನ ಮದುವೆಗೆ ಅಂಗಿ, ಬಂದ್‌ಗಲಾ (ಕುತ್ತಿಗೆವರೆಗೂ ಗುಂಡಿ ಹಾಕೋ ಕೋಟು), ಶೂ ಎಲ್ಲಿ ಮಾಡಿಸಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಕೆಲಸ ಮುಗೀತು ರೀ.

"ಮೈಗೆ ಸರಿಯಾಗಿ ಕೂರೋ ಹಳೇ ಅಂಗಿ ಒಯ್ಯಿರಿ" ಅಂದವರ ಸಲಹೆ ಫಲಿಸಿತು. ಸೂಪರ್ ಮಾರ್ಕೆಟ್ ಕಡೆಯ ಅಂಗಿ ಟೇಲರ್ ಅದನ್ನ ನೋಡಿ, ಮೈಮೇಲೂ ಟೇಪ್ ಹಿಡಿದು, "ನಿಮ್ಮ ಬಲಭುಜ ಸ್ವಲ್ಪ ಇಳಿದದ ನೋಡ್ರಿ" ಅಂದರು. ಕಾಲರ್ ಯಾವಾಗಲೂ ಒಂದೇ ಕಡೆ ಎಳೀತಿದ್ದದ್ದು ಇದಕ್ಕೇ! ಲಿನನ್ ಬಟ್ಟೆ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಕೊಟ್ಟಿದ್ದೆ, ಒಗೆದ ಮೇಲೂ ತೋಳು ಗಿಡ್ಡ ಆಗಿಲ್ಲ.

ಬಂದ್‌ಗಲಾನೂ ಅವರಿಗೇ ಕೊಡಿ ಅಂದದ್ದು ನಡೀಲಿಲ್ಲ, ಅವರು ಕೋಟು ಹೊಲಿಯಲ್ಲ. ಬೇರೆ ಕಡೆ ಕೊಟ್ಟು, ಪಕ್ಕಾ ಹೊಲಿಯೋ ಮುಂಚೆ ಕಚ್ಚಾ ಹೊಲಿಗೆಯಲ್ಲೇ ಟ್ರಯಲ್ ನೋಡಿ ಕಂಕುಳ ಸರಿ ಮಾಡಿಸಿದೆ.

ರೆಡಿಮೇಡ್ ಶೂ ನನ್ನ ಅಗಲ ಪಾದಕ್ಕೆ ಆಗಲೇ ಇಲ್ಲ. ಸಂಜೆ ಪಾದ ತುಸು ಊದಿರುತ್ತೆ, ಆಗ ಅಳತೆ ಕೊಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಶೂ ಮಾಡೋರು ಹಾಳೆ ಮೇಲೆ ನಿಲ್ಲಿಸಿ ಪೆನ್ಸಿಲಿಂದ ಎರಡೂ ಪಾದದ ಗೆರೆ ಎಳೆದರು. ಎಡಪಾದ ದೊಡ್ಡದು! ಅಂಟಿಸಿದ ಸೋಲ್ ಬೇಡ, ಹೊಲಿದದ್ದೇ ಕೇಳ್ರಿ. ಸವೆದರೆ ಬಿಚ್ಚಿ ಹೊಸದು ಹಾಕಿಸಬಹುದು.