ಕ್ಯಾಲಿಬ್ರೇಷನ್ ಟಾರ್ಗೆಟ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೋರ್ಡಿಗೆ ಬೇಕು)

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಿತ್ತು. ನಮ್ಮ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಥರ್ಮೋಕೋಲ್‌ನಲ್ಲಿ ಪರ್ಸಿವರೆನ್ಸ್ ರೋವರ್ ಮಾಡಿದ್ದಾರೆ. 2021ರ ಫೆಬ್ರವರಿಯಲ್ಲಿ ಮಂಗಳದ ಮೇಲೆ ಇಳಿಯಿತಲ್ಲ, ಅದು. ಕ್ಯಾಮೆರಾಗಳನ್ನೆಲ್ಲ ತೋರಿಸಿ ಹೆಸರು ಬರೆಯಬೇಕು. ಕಂಬದ ಮೇಲಿನ ನ್ಯಾವ್‌ಕ್ಯಾಮ್‌ಗೆ 'ದಾರಿ ನೋಡುವ ಕ್ಯಾಮೆರಾ' ಅಂತ ಹಾಕಿದೆ. ಹ್ಯಾಜ್‌ಕ್ಯಾಮ್ ಆರು ಇವೆ, ಮುಂದೆ ನಾಲ್ಕು, ಹಿಂದೆ ಎರಡು. ಅವಕ್ಕೆ 'ಅಡ್ಡಿ ನೋಡುವ ಕ್ಯಾಮೆರಾ'. ಇಷ್ಟಕ್ಕೆ ಯಾರೂ ಜಗಳ ತೆಗೆಯಬೇಡಿ ದಯವಿಟ್ಟು.

ನಾನು ಸಿಕ್ಕಿಹಾಕಿಕೊಂಡಿದ್ದು ರೋವರ್‌ನ ಬೆನ್ನಿನ ಮೇಲಿರುವ ಅಂಗೈಯಗಲದ ಒಂದು ತಟ್ಟೆಯ ಹತ್ತಿರ. ಅದರ ಮೇಲೆ ಬಣ್ಣದ ಬಿಲ್ಲೆಗಳು, ಬಿಳಿ-ಬೂದು-ಕಪ್ಪು ಬಿಲ್ಲೆಗಳು, ನಡುವೆ ಒಂದು ಪುಟ್ಟ ಕಡ್ಡಿ. ಕ್ಯಾಮೆರಾ ಆಗಾಗ ತಿರುಗಿ ಇದರ ಫೋಟೊ ತೆಗೆದುಕೊಳ್ಳುತ್ತೆ, ಬಣ್ಣ ಸರಿ ಬರ್ತಿದೆಯಾ ಅಂತ ತಿಳಿಯೋಕೆ. ಹುಡುಕಿದರೆ 'ಮಾಪನಾಂಕ ನಿರ್ಣಯ ಗುರಿ' ಅಂತ ಸಿಗುತ್ತೆ. ಎಂಟನೇ ಕ್ಲಾಸಿನ ಹುಡುಗ ಅದನ್ನು ಓದಿ, ಯಾರನ್ನೋ ಗುಂಡಿಟ್ಟು ಹೊಡೆಯೋಕಾ ಮೇಡಂ ಅಂದ. ಫ್ಲೆಕ್ಸ್ ಅಂಗಡಿಯವರು ನಾಳೆ 11 ಗಂಟೆಗೆ ಫೈಲ್ ಕೇಳಿದ್ದಾರೆ.

*

ಕ್ಯಾಲಿಬ್ರೇಷನ್ ಟಾರ್ಗೆಟ್ ಅಂತಲೇ ಬರೆಯಿರಿ. ರೋವರ್ ಅಂತೀರಿ, ಕ್ಯಾಮೆರಾ ಅಂತೀರಿ, ಇದೊಂದಕ್ಕೆ ಮಡಿ ಯಾಕೆ?

*

ಮೇಲಿನವರ ಸೋಮಾರಿತನಕ್ಕೆ ಉತ್ತರ ಕೊಡುವುದಿಲ್ಲ. ಮೇಡಂ, ನಿಮಗೆ ಬೇಕಾದ ಪದ ನಿಮ್ಮ ಊರಿನ ಅಕ್ಕಸಾಲಿಗರ ಅಂಗಡಿಯಲ್ಲಿದೆ: ಒರೆಗಲ್ಲು. ಇದು ಬಣ್ಣದ ಒರೆಗಲ್ಲು, ಅಷ್ಟೇ. ಒರೆ ಅಂದರೆ ಉಜ್ಜು. ಒರಸು ಅನ್ನುವುದೂ ಅದೇ ಬೇರು. ತಮಿಳಿನಲ್ಲಿ ಉರೈಕಲ್, ತೆಲುಗಿನಲ್ಲಿ ಒರಗಲ್ಲು, ಅಪ್ಪಟ ನಮ್ಮ ಕಡೆಯ ಮಾತು. ಇಂಥ ಪದ ಮನೆಯಲ್ಲಿಟ್ಟುಕೊಂಡು ಮಾಪನಾಂಕ ಅಂತೆ, ನಿರ್ಣಯ ಅಂತೆ! ಸಂಸ್ಕೃತದಿಂದ ತರುವುದೂ ಒಂದೇ, ಇಂಗ್ಲಿಷಿನಿಂದ ತರುವುದೂ ಒಂದೇ. ಎರಡೂ ಸಾಲವೇ.

*

> ಇದು ಬಣ್ಣದ ಒರೆಗಲ್ಲು, ಅಷ್ಟೇ

'ಬಣ್ಣ' ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ವರ್ಣದಿಂದ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇಂಥ ಪದಗಳಿಗೆ ಅಂತ ಒಂದು ಅಪಭ್ರಂಶ ಪ್ರಕರಣವನ್ನೇ ಬರೆದಿಟ್ಟ. ನಿಮ್ಮ ಅಪ್ಪಟದ ಅರ್ಧ ಭಾಗ ಅಲ್ಲೇ ಹೋಯಿತು.

*

ಬಣ್ಣವನ್ನು ನಾವು ಅರಗಿಸಿಕೊಂಡಿದ್ದೇವೆ. ಮಾಪನಾಂಕ ಇನ್ನೂ ಗಂಟಲಲ್ಲೇ ಇದೆ. ವ್ಯತ್ಯಾಸ ಗೊತ್ತಾಗದವರ ಜೊತೆ ಚರ್ಚೆ ಇಲ್ಲ.

*

ನಿಧಾನ, ನಿಧಾನ. ನಾನು ಮೂವತ್ತು ವರ್ಷ ಬೆಂಗಳೂರಿನಲ್ಲಿ ಮಸೂರ, ಸೆನ್ಸರ್‌ಗಳ ಜೊತೆಗೇ ಕೆಲಸ ಮಾಡಿದವನು. ಪದ ಕಟ್ಟುವ ಮೊದಲು ವಸ್ತು ಏನು ಮಾಡುತ್ತೆ ಅಂತ ನೋಡೋಣ.

ಮಂಗಳದಲ್ಲಿ ಗಾಳಿಯ ತುಂಬ ದೂಳು. ಬಿಸಿಲು ದೂಳಿನಲ್ಲಿ ಸೋಸಿಕೊಂಡು ಬರುತ್ತೆ. ಹಗಲಲ್ಲಿ ಆಕಾಶವೇ ಕೆಂಪುಹಳದಿ, ಅದರ ಬೆಳಕು ಬೇರೆ ಕಲ್ಲಿನ ಮೇಲೆ ಬೀಳುತ್ತೆ. ಹಾಗಾಗಿ ಫೋಟೊದಲ್ಲಿ ಕಲ್ಲು ಕೆಂಪಗೆ ಕಂಡರೆ, ಕಲ್ಲೇ ಕೆಂಪೋ, ಬೆಳಕು ಕೆಂಪೋ, ಕ್ಯಾಮೆರಾದ ತಪ್ಪೋ ಹೇಳೋಕಾಗಲ್ಲ. ಅದಕ್ಕೇ ಭೂಮಿಯಲ್ಲೇ ಬಣ್ಣ ಅಳೆದು ಕಳಿಸಿದ ಬಿಲ್ಲೆಗಳು. ಬೂದು ಬಿಲ್ಲೆ ಬೂದಾಗಿ ಬರಲಿಲ್ಲ ಅಂದರೆ ಎಷ್ಟು ತಿದ್ದಬೇಕು ಅಂತ ಲೆಕ್ಕ ಸಿಗುತ್ತೆ. ನಡುವಿನ ಕಡ್ಡಿ ಶೋಕಿಗಲ್ಲ. ಅದರ ನೆರಳು ಬಿದ್ದ ಜಾಗಕ್ಕೆ ನೇರ ಬಿಸಿಲಿಲ್ಲ, ಆಕಾಶದ ಬೆಳಕು ಮಾತ್ರ. ಬಿಸಿಲಿದ್ದ ಜಾಗ, ನೆರಳಿನ ಜಾಗ ಎರಡನ್ನೂ ನೋಡಿದರೆ ಯಾವ ಬೆಳಕಿನ ಪಾಲು ಎಷ್ಟು ಅಂತ ಬಿಡಿಸಬಹುದು. ಬಿಲ್ಲೆಗಳ ಅಡಿಯಲ್ಲಿ ಬಳೆಯಾಕಾರದ ಆಯಸ್ಕಾಂತ ಕೂಡ ಇದೆ. ಮಂಗಳದ ದೂಳಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದು ಅಂಚಿಗೆ ಹೋಗಿ ಅಂಟಿಕೊಳ್ಳುತ್ತೆ, ನಡುಭಾಗ ಸ್ವಲ್ಪ ಚೊಕ್ಕಟವಾಗಿ ಉಳಿಯುತ್ತೆ. ಒರೆಸೋಕೆ ಅಲ್ಲಿ ಯಾರಿದ್ದಾರೆ?

ಇಷ್ಟೆಲ್ಲ ಯಾಕೆ ಅಂದರೆ, 1976ರ ಜುಲೈನಲ್ಲಿ ಮಂಗಳಕ್ಕಿಳಿದ ವೈಕಿಂಗ್-1 ನೌಕೆ ಕಳಿಸಿದ ಮೊದಲ ಬಣ್ಣದ ಚಿತ್ರವನ್ನು ಅವಸರದಲ್ಲಿ ಸಿದ್ಧಮಾಡಿದಾಗ ಆಕಾಶ ನೀಲಿಯಾಗಿ ಬಂದಿತ್ತು, ನಮ್ಮ ಆಕಾಶದ ಹಾಗೆ. ಆಮೇಲೆ ತಿದ್ದಿದರು.

ಈಗ ಒರೆಗಲ್ಲಿಗೆ ಬನ್ನಿ. ಅಕ್ಕಸಾಲಿಗ ಕಲ್ಲಿನ ಮೇಲೆ ಎರಡು ಗೆರೆ ಎಳೆಯುತ್ತಾನೆ. ನಿಮ್ಮ ಒಡವೆಯದೊಂದು, ಗುಣ ಗೊತ್ತಿರುವ ಚಿನ್ನದ್ದೊಂದು. ಎರಡನ್ನೂ ಹೋಲಿಸುತ್ತಾನೆ. ನಮ್ಮ ತಟ್ಟೆ ಆ ಎರಡನೇ ಗೆರೆ, ಕಲ್ಲಲ್ಲ. ಕಲ್ಲು ಅನ್ನುವುದಾದರೆ ಅದು ಕ್ಯಾಮೆರಾದ ಸೆನ್ಸರ್, ಎರಡರ ಗುರುತೂ ಬೀಳುವುದು ಅದರ ಮೇಲೆ. ಆದ್ದರಿಂದ ಒರೆಗಲ್ಲು ತಪ್ಪು. ಚೆಂದದ ಪದ, ತಪ್ಪು ಜಾಗ.

ನನ್ನ ಸಲಹೆ: ಬಣ್ಣದ ತಾಳೆ ಹಲಗೆ. ಲೆಕ್ಕ ತಾಳೆ ನೋಡು ಅಂತೀವಲ್ಲ, ಅದು.

*

ತಾಳೆ ಇಂಗ್ಲಿಷಿನ ಟ್ಯಾಲಿ. ಹಿಂಬಾಗಿಲಿನಿಂದ ಇಂಗ್ಲಿಷ್ ಬಿಟ್ಟುಕೊಂಡಿರಿ. ಇದಕ್ಕೆ ಮೂವತ್ತು ವರ್ಷ ಬೇಕಾಯಿತೇ?

*

ಸದ್ದು ಹೋಲುತ್ತೆ ಅಂತ ನೆಂಟಸ್ತನ ಕಟ್ಟಬೇಡಿ. ಹಾಗಾದರೆ ತಾಳೆಗರಿಯೂ ಇಂಗ್ಲಿಷಾ?

*

ಟ್ಯಾಲಿಯೋ ತಾಳೆಯೋ, ನಮ್ಮಜ್ಜಿ ಹಾಲಿನ ಲೆಕ್ಕ ತಾಳೆ ಹಾಕುತ್ತಿದ್ದಳು, ಇಂಗ್ಲಿಷ್ ಬರುತ್ತಿರಲಿಲ್ಲ. ಆಡುವವರಿಗೆ ಬೇರು ಯಾಕೆ ಬೇಕು? ಕ್ಯಾಮೆರಾ ಅಂದರೆ ಲ್ಯಾಟಿನ್‌ನಲ್ಲಿ ಕೋಣೆ. ಹಿಂದಿಯವರ ಕಮರಾ ಕೂಡ ಅದೇ ಪದ, ಪೋರ್ಚುಗೀಸರ ಕೈಯಿಂದ ಬಂದದ್ದು. ಮಂಗಳಕ್ಕೆ ಕೋಣೆ ಕಳಿಸಿದ್ದೇವೆ ಅಂತ ಯಾರಾದರೂ ಗೊಂದಲಪಟ್ಟರೇ?

ಅಂದಹಾಗೆ ತಾಳೆ ನೋಡೋಕೆ ಬಣ್ಣವೇ ಬೇಕೆಂದಿಲ್ಲ. 2012ರಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್‌ನಲ್ಲಿ, ಹತ್ತಿರದಿಂದ ಕಲ್ಲು ನೋಡುವ ಕ್ಯಾಮೆರಾದ ಹಲಗೆಗೆ 1909ರ ಒಂದು ಸೆಂಟಿನ ನಾಣ್ಯ ಅಂಟಿಸಿದ್ದಾರೆ. ಭೂವಿಜ್ಞಾನಿಗಳು ಬಂಡೆಯ ಫೋಟೊ ತೆಗೆಯುವಾಗ ಪಕ್ಕಕ್ಕೆ ನಾಣ್ಯ ಇಡ್ತಾರಲ್ಲ, ಗಾತ್ರ ತಿಳಿಯಲಿ ಅಂತ, ಆ ಅಭ್ಯಾಸ. ಹಾಗಾಗಿ ಬರೀ 'ತಾಳೆ ಹಲಗೆ' ಅಂದರೂ ನಡೆಯುತ್ತೆ, ಬಣ್ಣವೂ ಬಂತು ಅಳತೆಯೂ ಬಂತು.

*

ನಡೆಯಲ್ಲ. ಹಲಗೆ ಅಂದರೆ ಮರದ್ದು.

*

ನಿಮ್ಮ ಶಾಲೆಯ ಕರಿಹಲಗೆ ಮರದ್ದೇ ಇತ್ತೇನೋ, ನಮ್ಮದು ಸಿಮೆಂಟಿನದು.

*

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟ್ ಆಗಿ ಬಂತು. ದೊಡ್ಡ ಅಕ್ಷರದಲ್ಲಿ 'ಬಣ್ಣದ ತಾಳೆ ಹಲಗೆ', ಕೆಳಗೆ ಚಿಕ್ಕದಾಗಿ 'ಕ್ಯಾಲಿಬ್ರೇಷನ್ ಟಾರ್ಗೆಟ್'. ಒರೆಗಲ್ಲಿನವರು ಬೇಜಾರು ಮಾಡಿಕೊಳ್ಳಬೇಡಿ, ಎರಡು ಗೆರೆಯ ಮಾತನ್ನು ವಿವರಣೆಯಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಬಗ್ಗೆಯೂ ಒಂದು ಸಾಲು ಹಾಕಿದೆ. ಅದರ ಮುಂದಿನ ಎರಡು ನ್ಯಾವ್‌ಕ್ಯಾಮ್‌ಗಳನ್ನು ನಮ್ಮ ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲೇ ಮಾಡಿದ್ದು ಅಂತ ಮಕ್ಕಳಿಗೆ ಗೊತ್ತಿರಲಿಲ್ಲ.

ಒಂದೇ ತೊಂದರೆ. ಫ್ಲೆಕ್ಸ್‌ನಲ್ಲಿ ಮಂಗಳದ ನೆಲ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಕೇಳಿದರೆ ಅಂಗಡಿಯ ಹುಡುಗ, ಸ್ಕ್ರೀನಲ್ಲಿ ಸರಿಯಾಗೇ ಇತ್ತು ಮೇಡಂ ಅಂತಾನೆ.

*

ತಾಳೆ ಟ್ಯಾಲಿಯೇ. ನಿಘಂಟು ತೆಗೆದು ಕೂತಿದ್ದೇನೆ, ರಾತ್ರಿ ಬರೆಯುತ್ತೇನೆ.